ಪಾಸ್‌ವರ್ಡ್ ಫೈಲಿನಿಂದ ಮ್ಯಾಪ್ ಕಟ್ಟುವುದು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಕಾಲೇಜುಗಳಲ್ಲಿ ಲ್ಯಾಬ್ ನೋಡಿಕೊಳ್ಳುವವರು ಇಲ್ಲಿ ಜಾಸ್ತಿ ಇದ್ದೀರಿ. ಜಯನಗರದ ಒಂದು ಲ್ಯಾಬಿನಲ್ಲಿ ನಲವತ್ತು ಯುನಿಕ್ಸ್ ಯಂತ್ರಗಳಿವೆ ಅಂದುಕೊಳ್ಳಿ. ವಿದ್ಯಾರ್ಥಿ ಯಾವ ಯಂತ್ರದ ಮುಂದೆ ಕೂತರೂ ಅದೇ ಲಾಗಿನ್ ನಡೆಯಬೇಕು. ಇದಕ್ಕಾಗಿ ಸನ್ ಮೈಕ್ರೋಸಿಸ್ಟಮ್ಸ್ 1980ರ ದಶಕದಲ್ಲಿ ಎನ್‌ಐಎಸ್ (ನೆಟ್‌ವರ್ಕ್ ಇನ್ಫರ್ಮೇಷನ್ ಸರ್ವಿಸ್) ತಂದಿತು: ಲಾಗಿನ್ ಮಾಹಿತಿಯನ್ನು ಒಂದು ಸರ್ವರಿನಲ್ಲಿಟ್ಟು ಎಲ್ಲ ಯಂತ್ರಗಳಿಗೂ ಕೊಡುವ ವ್ಯವಸ್ಥೆ. ಮೊದಲ ಹೆಸರು ಯೆಲ್ಲೋ ಪೇಜಸ್. ಆ ಹೆಸರು ಬ್ರಿಟಿಷ್ ಟೆಲಿಕಾಂನ ಟ್ರೇಡ್‌ಮಾರ್ಕ್ ಆಗಿದ್ದರಿಂದ ಬದಲಾಯಿಸಬೇಕಾಯಿತು. ಕಮಾಂಡುಗಳ ಮುಂದೆ ಮಾತ್ರ 'ವೈಪಿ' ಹಾಗೇ ಉಳಿದಿದೆ.

ಎನ್‌ಐಎಸ್ ಸರ್ವರ್ ಪಾಸ್‌ವರ್ಡ್ ಫೈಲನ್ನು, ಅಂದರೆ ಒಬ್ಬೊಬ್ಬ ಯೂಸರಿಗೆ ಒಂದೊಂದು ಸಾಲಿರುವ ಟೆಕ್ಸ್ಟ್ ಫೈಲನ್ನು, ನೇರವಾಗಿ ಓದುವುದಿಲ್ಲ. ಅದಕ್ಕೆ ಬೇಕಿರುವುದು ಡಿಬಿಎಂ ಫೈಲು. ಒಂದು ಕೀ (ಹುಡುಕುವ ಪದ) ಕೊಟ್ಟರೆ, ಸಾಲುಸಾಲಾಗಿ ಹುಡುಕದೆ, ಸೀದಾ ಉತ್ತರ ಕೊಡುವ ಫೈಲು. ಇದನ್ನೇ ಎನ್‌ಐಎಸ್‌ನಲ್ಲಿ ಮ್ಯಾಪ್ ಅನ್ನುತ್ತೇವೆ. ಅದನ್ನು ಕಟ್ಟುವ ಪ್ರೋಗ್ರಾಂ ಮೇಕ್‌ಡಿಬಿಎಂ. ಪ್ರತಿ ಸಾಲಿನ ಮೊದಲ ಪದವನ್ನು ಕೀ ಮಾಡಿ, ಉಳಿದದ್ದನ್ನು ಆ ಕೀಗೆ ಕೊಡುವ ಉತ್ತರವಾಗಿ ಇಟ್ಟುಕೊಳ್ಳುತ್ತದೆ, ಅಷ್ಟೇ.

ಹಾಗಾದರೆ ಹೆಸರಿನಿಂದಲೂ ಹುಡುಕಬೇಕು, ಯೂಸರ್ ನಂಬರಿನಿಂದಲೂ ಹುಡುಕಬೇಕು ಅಂದರೆ? ಎರಡು ಮ್ಯಾಪ್ ಕಟ್ಟುತ್ತೇವೆ. ಮೇಕ್‌ಫೈಲಿನಲ್ಲಿ (ಮ್ಯಾಪ್ ಕಟ್ಟುವ ಹಂತಗಳನ್ನು ಬರೆದಿಟ್ಟ ಫೈಲು) ಬರುವ ಆಕ್, ಅಂದರೆ ಸಾಲುಗಳನ್ನು ಕಾಲಮ್ಮುಗಳಾಗಿ ಬಿಡಿಸುವ ಯುನಿಕ್ಸ್ ಪ್ರೋಗ್ರಾಂ, ಒಮ್ಮೆ ಮೊದಲ ಕಾಲಮ್ಮನ್ನು, ಇನ್ನೊಮ್ಮೆ ಮೂರನೆಯದನ್ನು ಪ್ರತಿ ಸಾಲಿನ ಮುಂದೆ ತಂದು ಮೇಕ್‌ಡಿಬಿಎಂಗೆ ಕೊಡುತ್ತದೆ. ಜಾಗ ಎರಡು ಪಟ್ಟು ಬೇಕು, ನಿಜ. ಆದರೆ ಹುಡುಕುವಾಗ ಸಿಗುವ ವೇಗಕ್ಕೆ ಅದು ದೊಡ್ಡ ವಿಷಯವಲ್ಲ.

ನನಗೆ ಬಹಳ ಇಷ್ಟವಾದ ಭಾಗ ಇನ್ನೊಂದಿದೆ. ಮೇಕ್‌ಡಿಬಿಎಂ ನಮ್ಮ ಸಾಲುಗಳ ಜೊತೆ ತನ್ನದೇ ಎರಡು ಕೀ ಸೇರಿಸುತ್ತದೆ: ಮಾಸ್ಟರ್ ಸರ್ವರಿನ (ಮ್ಯಾಪ್ ಕಟ್ಟುವ ಮುಖ್ಯ ಸರ್ವರ್) ಹೆಸರು, ಮತ್ತು ಕೊನೆಯ ಬದಲಾವಣೆಯ ಸಮಯ. ಆ ಸಮಯವೇ ಮ್ಯಾಪಿನ ಆರ್ಡರ್ ನಂಬರ್. ಮಾಸ್ಟರ್ ಹತ್ತಿರ ಇರುವ ನಂಬರ್ ತನ್ನದಕ್ಕಿಂತ ದೊಡ್ಡದಾಗಿದ್ದರೆ ಮಾತ್ರ ಸ್ಲೇವ್ ಸರ್ವರ್ (ಮ್ಯಾಪಿನ ಪ್ರತಿ ಇಟ್ಟುಕೊಳ್ಳುವ ಸಹಾಯಕ ಸರ್ವರ್) ಹೊಸ ಪ್ರತಿ ತರಿಸಿಕೊಳ್ಳುತ್ತದೆ. ಮಾಸ್ಟರಿನ ಗಡಿಯಾರ ಹಿಂದೆ ಹೋಯಿತು ಅನ್ನಿ. ಆಗ ಕಟ್ಟಿದ ಹೊಸ ಮ್ಯಾಪು ಹಳೆಯದರಂತೆ ಕಾಣುತ್ತದೆ, ಸ್ಲೇವ್ ಅದನ್ನು ಮುಟ್ಟುವುದೇ ಇಲ್ಲ. ಹೊಸ ಲಾಗಿನ್ ಒಂದು ಯಂತ್ರದಲ್ಲಿ ನಡೆದು ಪಕ್ಕದ್ದರಲ್ಲಿ ನಡೆಯದಿದ್ದರೆ ಗಡಿಯಾರವನ್ನೂ ನೋಡಿ.

ಇನ್ನೊಂದು ಮಾತು. ಪಾಸ್‌ವರ್ಡ್ ಫೈಲನ್ನು ತಿದ್ದಿ ಸುಮ್ನೆ ಬಿಟ್ಟರೆ ಏನೂ ಆಗುವುದಿಲ್ಲ. ವೈಪಿ ಡೈರೆಕ್ಟರಿಗೆ ಹೋಗಿ, ಮೇಕ್‌ಫೈಲಿನಂತೆ ಮ್ಯಾಪ್ ಕಟ್ಟುವ 'ಮೇಕ್' ಕಮಾಂಡ್ ಓಡಿಸಬೇಕು. ಮೂಲ ಯಾವಾಗಲೂ ಆ ಟೆಕ್ಸ್ಟ್ ಫೈಲೇ. ಮ್ಯಾಪು ಅದರಿಂದ ಹುಟ್ಟಿದ್ದು, ಬೇಕೆಂದಾಗ ಮತ್ತೆ ಕಟ್ಟಬಹುದು.

ಆದರೆ ಭದ್ರತೆಯಲ್ಲಿ ಎನ್‌ಐಎಸ್ ತುಂಬಾ ದುರ್ಬಲ. ಪಾಸ್‌ವರ್ಡ್ ಹ್ಯಾಷ್‌ಗಳು (ಪಾಸ್‌ವರ್ಡಿನ ಗೂಢ ರೂಪ) ಮ್ಯಾಪಿನಲ್ಲೇ ಇದ್ದರೆ ಯಾವ ವಿದ್ಯಾರ್ಥಿಯಾದರೂ ಮ್ಯಾಪನ್ನು ತೋರಿಸುವ 'ವೈಪಿಕ್ಯಾಟ್' ಕಮಾಂಡ್ ಹೊಡೆದು ಅವನ್ನು ನೋಡಬಹುದು. ರೆಡ್ ಹ್ಯಾಟ್ ಕಂಪನಿ ತನ್ನ ಎಂಟರ್‌ಪ್ರೈಸ್ ಲಿನಕ್ಸ್‌ನ 9ನೇ ಆವೃತ್ತಿಯಿಂದ ಎನ್‌ಐಎಸ್ ಅನ್ನೇ ತೆಗೆದುಹಾಕಿದೆ. ನಿಮ್ಮಲ್ಲಿ ಇನ್ನೂ ಓಡುತ್ತಿದ್ದರೆ ಇದೇ ಕೆಲಸ ಮಾಡುವ ಹೊಸ ವ್ಯವಸ್ಥೆ ಎಲ್‌ಡಿಎಪಿಗೆ ಹೋಗುವುದೇ ಸರಿ. ಹೋಗುವ ಮೊದಲು ಮೇಕ್‌ಡಿಬಿಎಂಗೆ 'ಮೈನಸ್ ಯು' ಕೊಟ್ಟು ಮ್ಯಾಪನ್ನು ಮತ್ತೆ ಟೆಕ್ಸ್ಟ್ ಮಾಡಿ. ಮೂಲ ಫೈಲಿನ ಪಕ್ಕದಲ್ಲಿಟ್ಟು ನೋಡಿ. ಮೇಕ್‌ಡಿಬಿಎಂ ತಾನೇ ಸೇರಿಸಿದ್ದನ್ನು ಬಿಟ್ಟು ಯೂಸರುಗಳ ವಿವರ ಎರಡರಲ್ಲೂ ಹೊಂದದಿದ್ದರೆ, ಯಾರೋ ಫೈಲು ತಿದ್ದಿ 'ಮೇಕ್' ಮರೆತಿರಬಹುದು. ಅದನ್ನು ಸರಿ ಮಾಡಿಕೊಂಡೇ ಮುಂದಿನ ಕೆಲಸಕ್ಕೆ ಕೈ ಹಾಕಿ.