ಛತ್ರದ ಗಡಿಯಾರ

ಕೇಳುಗರಿಗೆ ನಮಸ್ಕಾರ.

ಮದುವೆಯ ಊಟ ಮುಗಿದು, ಬೀಗರನ್ನು ಬಸ್ಸು ಹತ್ತಿಸಿದ ಮೇಲೆ, ಹೆಣ್ಣಿನ ತಂದೆ ಛತ್ರದ ಕಚೇರಿ ಕೋಣೆಗೆ ಹೋಗಿ ಕುಳಿತುಕೊಳ್ಳುವ ಒಂದು ಗಳಿಗೆಯಿದೆ. ಎದುರಿಗೆ ಮ್ಯಾನೇಜರು ಕರೆಂಟು ಮೀಟರಿನ ಅಂಕಿ ಬರೆದ ಚೀಟಿ, ಜನರೇಟರ್ ಓಡಿದ ಗಂಟೆಗಳ ಲೆಕ್ಕ, ಕಾಣೆಯಾದ ಲೋಟಗಳ ಪಟ್ಟಿ ಇವನ್ನೆಲ್ಲ ಹರಡಿಕೊಂಡು ಕ್ಯಾಲ್ಕುಲೇಟರ್ ಒತ್ತುತ್ತಿರುತ್ತಾರೆ. ಬಾಡಿಗೆಯನ್ನು ಆರು ತಿಂಗಳ ಹಿಂದೆಯೇ ಕಟ್ಟಿದ್ದಾಗಿದೆ ಎಂಬ ನಿಶ್ಚಿಂತೆಯಲ್ಲಿ ಬಂದವರ ಮುಖದ ಬಣ್ಣ ಆ ಹೊತ್ತಿಗೆ ಇಳಿಯುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಲೆಕ್ಕ ಬರೆಯುವವನು ಎಂಬ ಹೆಸರು ಬಂಧುಬಳಗದಲ್ಲಿ ನನಗೆ ಅಂಟಿಕೊಂಡಿರುವುದರಿಂದ, ಮದುವೆ ಯಾರ ಮನೆಯದ್ದಾದರೂ ಆ ಕೋಣೆಯ ಎರಡನೆಯ ಕುರ್ಚಿ ನನಗೇ ಮೀಸಲು.

ವರ್ಷಗಟ್ಟಲೆ ಆ ಚೀಟಿಗಳನ್ನು ಕೂಡಿ ಕಳೆದ ಮೇಲೆ ನನಗೆ ಮನವರಿಕೆಯಾದದ್ದು ಇಷ್ಟು: ನಮ್ಮ ಅಂದಾಜನ್ನು ಕೆಡಿಸುವುದು ಬಹುಮಟ್ಟಿಗೆ ಹೊತ್ತು. ದರವನ್ನು ಹೇಗೂ ಚೌಕಾಸಿ ಮಾಡಿಯೇ ಒಪ್ಪಿರುತ್ತೇವೆ. ಆದರೆ ಮದುವೆಯ ಕೆಲಸಕ್ಕೆ ಬರುವ ಒಬ್ಬೊಬ್ಬರ ‘ಒಂದು ದಿನ’ವೂ ಬೇರೆ ಬೇರೆ ಎಂಬುದನ್ನು ಮಾತುಕತೆಯ ವೇಳೆ ಯಾರೂ ಕೇಳುವುದಿಲ್ಲ. ಛತ್ರದವರ ದಿನ ಸಾಮಾನ್ಯವಾಗಿ ಮಧ್ಯಾಹ್ನ 3 ಗಂಟೆಗೆ ಶುರುವಾಗಿ ಮರುದಿನ 3 ಗಂಟೆಗೆ ಮುಗಿಯುತ್ತದೆ. ಫೋಟೋದವರದು ಎಂಟೋ ಹತ್ತೋ ಗಂಟೆಯ ದಿನ. ಬಾಡಿಗೆ ಬಸ್ಸಿನ ದಿನವೆಂದರೆ ಬಹಳ ಕಡೆ ಅದು ಶೆಡ್ಡು ಬಿಟ್ಟ ಕ್ಷಣದಿಂದ ಮರಳಿ ಶೆಡ್ಡು ಸೇರುವವರೆಗೆ. ಪುರೋಹಿತರದು ಪಂಚಾಂಗದ ದಿನ, ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಈ ದಿನಗಳ ಅಂಚು ಒಂದಕ್ಕೊಂದು ಕೂಡದ ಕಡೆಯಲ್ಲೆಲ್ಲ ‘ಎಕ್ಸ್‌ಟ್ರಾ’ ಎಂಬ ಪದ ಹುಟ್ಟಿಕೊಳ್ಳುತ್ತದೆ.

ಬುಧವಾರದ ಮುಹೂರ್ತವೆಂದು ಇಟ್ಟುಕೊಳ್ಳಿ. ಛತ್ರ ಕೈಗೆ ಸಿಗುವುದು ಮಂಗಳವಾರ 3 ಗಂಟೆಗೆ. ಮಂಗಳವಾರದ ರಾಹುಕಾಲ 3 ರಿಂದ 4.30. ಮನೆಯ ಹಿರಿಯರು ರಾಹುಕಾಲದಲ್ಲಿ ಹೊಸಿಲು ದಾಟಲು ಒಪ್ಪುವುದಿಲ್ಲ, ಹಾಗೆಂದು 4.30ರವರೆಗೆ ಕಾದರೆ, ಸಂಜೆಯ ವರಪೂಜೆಗೆ ಅಡಿಗೆಯವರು ಒಲೆ ಹಚ್ಚುವುದಕ್ಕೂ ಹೂವಿನವರು ವೇದಿಕೆ ಕಟ್ಟುವುದಕ್ಕೂ ಸಮಯ ಸಾಲುವುದಿಲ್ಲ. ಆಗ ಬಾಗಿಲಲ್ಲಿ ನಿಂತುಕೊಂಡು, ‘ಎರಡೂವರೆಗೇ ದೇವರ ಸಾಮಾನು ಒಳಗಿಡುತ್ತೇವೆ, ಸ್ವಲ್ಪ ನೋಡಿ ಸ್ವಾಮಿ’ ಎಂದು ಕೇಳಬೇಕಾಗುತ್ತದೆ. ಈ ಅರ್ಧ ಗಂಟೆಯನ್ನು ಮುಂಗಡ ಕೊಡುವ ದಿನವೇ ಕೇಳಿ ರಸೀತಿಯ ಮೇಲೆ ಬರೆಸಿಕೊಂಡರೆ ಹೆಚ್ಚಿನವರು ಬೇಡವೆನ್ನುವುದಿಲ್ಲ. ಅಂದಿನ ದಿನ ಕೇಳಿದರೆ ಅದಕ್ಕೊಂದು ಬೆಲೆ ಹುಟ್ಟುತ್ತದೆ. ಅದರಲ್ಲಿ ಮ್ಯಾನೇಜರ ತಪ್ಪನ್ನೂ ಪೂರ್ತಿ ಹುಡುಕುವಂತಿಲ್ಲ. ಆಷಾಢ, ಧನುರ್ಮಾಸಗಳನ್ನು ಬಿಟ್ಟು ಉಳಿದ ತಿಂಗಳುಗಳಲ್ಲೇ ಲಗ್ನಗಳೆಲ್ಲ ಒತ್ತೊತ್ತಾಗಿ ಬರುವುದರಿಂದ, ಮಾಘ, ವೈಶಾಖಗಳಲ್ಲಿ ಹಿಂದಿನ ಮದುವೆಯವರು ಇನ್ನೂ ಚಾಪೆ ಸುತ್ತುತ್ತಿರುವಾಗಲೇ ಮುಂದಿನವರ ಬಾಳೆಕಂಬ ಗೇಟಿಗೆ ಬಂದಿರುತ್ತದೆ.

ಇನ್ನು ಊಟದ ಹೊತ್ತಿಗೆ ಬರೋಣ. ನನ್ನ ಅನುಭವದಲ್ಲಿ ಅತಿ ಹೆಚ್ಚು ಹಣ ಸೋರುವುದು ಇಲ್ಲಿ. ಊಟದ ಹಾಲಿನಲ್ಲಿ ಒಂದು ಪಂಕ್ತಿಗೆ 200 ಎಲೆ, ಕರೆದವರು 900 ಜನ ಎಂದಾದರೆ ಐದು ಪಂಕ್ತಿ. ಎಲೆ ಹಾಕಿ, ಬಡಿಸಿ, ಉಂಡವರು ಎದ್ದು, ಎಲೆ ಎತ್ತಿ, ಮೇಜು ಒರೆಸುವ ಹೊತ್ತಿಗೆ ಪಂಕ್ತಿಯೊಂದಕ್ಕೆ ಮುಕ್ಕಾಲು ಗಂಟೆ ಹಿಡಿದೇ ಹಿಡಿಯುತ್ತದೆ. ಒಟ್ಟು ಮೂರು ಮುಕ್ಕಾಲು ಗಂಟೆಯಾಯಿತು. ಛತ್ರವನ್ನು 3ಕ್ಕೆ ಬಿಡಬೇಕು. ಅಡಿಗೆಯವರು ತಾವು ಉಂಡು, ಕೊಪ್ಪರಿಗೆ ತೊಳೆದು, ಸಾಮಾನು ಗಾಡಿಗೆ ಏರಿಸಲು ಒಂದು ಗಂಟೆ ಬೇಕು. ಹಾಗಾದರೆ ಕೊನೆಯ ಪಂಕ್ತಿ 2ಕ್ಕೆ ಏಳಬೇಕು. ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬನ್ನಿ: ಮೊದಲ ಪಂಕ್ತಿ ಕೂರಬೇಕಾದದ್ದು 10.15ಕ್ಕೆ. ಮುಹೂರ್ತವೋ 10.30ರಿಂದ 11.30ರವರೆಗೆ! ತಾಳಿ ಕಟ್ಟುವ ಮೊದಲೇ ನೆಂಟರನ್ನು ಊಟಕ್ಕೆ ಎಬ್ಬಿಸಬೇಕಾದ ಈ ಲೆಕ್ಕ ಕಾಗದದ ಮೇಲೆ ಎರಡು ನಿಮಿಷದಲ್ಲಿ ತಿಳಿಯುತ್ತದೆ, ಆದರೆ ಕಾಗದದ ಮೇಲೆ ಹಾಕಿದವರನ್ನು ನಾನು ಕಂಡಿರುವುದು ಕಡಿಮೆ. ಮುಹೂರ್ತದಿಂದ ಮುಂದಕ್ಕೆ ಎಣಿಸುವುದೇ ನಮಗೆಲ್ಲ ರೂಢಿ. ಛತ್ರ ಬಿಡುವ ಗಂಟೆಯಿಂದ ಹಿಂದಕ್ಕೆ ಎಣಿಸಿದರೆ, ಅಂಗಳದಲ್ಲಿ ಇನ್ನೊಂದು 100 ಎಲೆಯ ಸಾಲು ಹಾಕಿಸಬೇಕೋ, ಎರಡು ಗಂಟೆ ಹೆಚ್ಚಿಗೆ ಬೇಕೆಂದು ಮೊದಲೇ ಮಾತಾಡಬೇಕೋ, ಅಥವಾ ಪುರೋಹಿತರನ್ನು ಇನ್ನೂ ಮುಂಚಿನ ಲಗ್ನ ಕೇಳಬೇಕೋ ಎಂಬುದು ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ತೀರ್ಮಾನವಾಗುತ್ತದೆ.

ಎಲೆಯ ಲೆಕ್ಕದ ಜಗಳವಂತೂ ಹಳೆಯದು. ಎಷ್ಟು ಎಲೆ ಎದ್ದವು ಎಂಬುದರ ಮೇಲೆ ಹಣ ಕೊಡುವ ಒಪ್ಪಂದವಿದ್ದಾಗ ಅಡಿಗೆಯವರ ಸಂಖ್ಯೆಯೂ ನಮ್ಮ ಸಂಖ್ಯೆಯೂ ಎಂದೂ ಕೂಡುವುದಿಲ್ಲ. ನಮ್ಮ ಸೋದರಮಾವನವರು ಉಗ್ರಾಣಕ್ಕೆ ನಿಂತ ಮದುವೆಗಳಲ್ಲಿ ಮಾತ್ರ ಈ ಜಗಳ ನಡೆದದ್ದಿಲ್ಲ. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನೂರರ ಕಟ್ಟಿನಲ್ಲಿ ಎಲೆ ಎಣಿಸಿ ಕೊಟ್ಟು, ಕೊಟ್ಟಾಗಲೆಲ್ಲ ಉಗ್ರಾಣದ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಒಂದು ಗೀಟು, ಅದರ ಪಕ್ಕದಲ್ಲಿ ಗಂಟೆ ಬರೆದಿಡುತ್ತಿದ್ದರು. ಎಷ್ಟು ಎಲೆ ಹೋಯಿತು ಎಂಬುದರ ಜೊತೆಗೆ ಯಾವ ಪಂಕ್ತಿ ಎಷ್ಟು ತಡವಾಯಿತು ಎಂಬುದೂ ಆ ಬಾಗಿಲಿನಲ್ಲೇ ಸಿಗುತ್ತಿತ್ತು.

ನಮ್ಮ ಅಣ್ಣನ ಮಗಳ ಮದುವೆಯಲ್ಲಿ ಈ ಲೆಕ್ಕ ತಪ್ಪಿದವನು ನಾನೇ. ಆರತಕ್ಷತೆ ಸಂಜೆ 7ಕ್ಕೆ ಎಂದು ಅಚ್ಚು ಹಾಕಿಸಿದ್ದೆವು. ಮದುಮಗಳು ಅಲಂಕಾರ ಮುಗಿಸಿ ವೇದಿಕೆಗೆ ಬಂದದ್ದು 8.20ಕ್ಕೆ. ಉಡುಗೊರೆ ಹಿಡಿದ ಸಾಲು ಕರಗಿದಾಗ ರಾತ್ರಿ 11 ದಾಟಿತ್ತು. ಹೊರಗೆ ಕೇಳುವಂತೆ ಧ್ವನಿವರ್ಧಕವನ್ನು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಾಕಬಾರದೆಂಬ ನಿಯಮ 2000ನೇ ಇಸವಿಯಿಂದ ಇರುವುದರಿಂದ, ವಾದ್ಯಗೋಷ್ಠಿಯವರು ಒಂದೂವರೆ ಗಂಟೆ ಹಾಡಿ 10ಕ್ಕೆ ಕಟ್ಟಿಟ್ಟರು, ಪೂರ್ತಿ ಹಣ ಪಡೆದರು. ಅವರ ಕಡೆಯಿಂದ ನೋಡಿದರೆ ಅದು ನ್ಯಾಯವೇ, 7ಕ್ಕೇ ಬಂದು ಕುಳಿತಿದ್ದರಲ್ಲ. ಅದೇ ವೇದಿಕೆಯನ್ನು ಬಿಚ್ಚಿ ಬೆಳಗಿನ ಮಂಟಪ ಕಟ್ಟಬೇಕಾಗಿದ್ದ ಅಲಂಕಾರದ ಹುಡುಗರು 10ರಿಂದ ಮೂಲೆಯಲ್ಲಿ ಕಾದು ಕುಳಿತು, ರಾತ್ರಿಯ ಕೂಲಿಯನ್ನು ಬೇರೆಯಾಗಿ ಕೇಳಿದರು. ಹೀಗೆ ಕನ್ನಡಿಯ ಮುಂದೆ ಕಳೆದ ಎಂಬತ್ತು ನಿಮಿಷಕ್ಕೆ ನಾವು ಮೂರು ಕಡೆ ಹಣ ತೆತ್ತೆವು, ಜನರೇಟರಿನ ಡೀಸೆಲ್ಲನ್ನೂ ಸೇರಿಸಿ.

ಆಮೇಲಿನ ಮದುವೆಗಳಲ್ಲಿ ನಾನು ಒಂದೇ ಹಾಳೆಯ ವೇಳಾಪಟ್ಟಿ ಮಾಡುತ್ತೇನೆ. ಎಡಗಡೆ ಗಂಟೆ, ಬಲಗಡೆ ಆ ಗಂಟೆಗೆ ಯಾರು ಒಳಗೆ ಬರುತ್ತಾರೆ, ಯಾರು ಹೊರಗೆ ಹೋಗುತ್ತಾರೆ ಎಂಬುದಷ್ಟೇ. ಅಲಂಕಾರಕ್ಕೆ ಒಂದು ಗಂಟೆ ಹೆಚ್ಚಾಗಿಯೇ ಹಾಕುತ್ತೇನೆ. ಹಾಳೆಯ ಪ್ರತಿಯನ್ನು ಅಡಿಗೆಯವರು, ಹೂವಿನವರು, ವಾಲಗದವರು, ಫೋಟೋದವರು, ಬಸ್ಸಿನವರು ಎಲ್ಲರಿಗೂ ಹತ್ತು ದಿನ ಮೊದಲೇ ಕೊಟ್ಟು, ‘ಇದರಲ್ಲಿ ನಿಮ್ಮ ಮಾಮೂಲು ಹೊತ್ತಿಗಿಂತ ಹೆಚ್ಚಾದದ್ದು ಎಲ್ಲಿದೆ ಹೇಳಿ’ ಎಂದು ಕೇಳುತ್ತೇನೆ. ಅವರು ಬೆರಳಿಟ್ಟು ತೋರಿಸುತ್ತಾರೆ; ಆಗ ಆಡಿದ ಮಾತು ಚೌಕಾಸಿಗೆ ಬಗ್ಗುತ್ತದೆ. ಹಾಳೆಯ ಕೆಳಗೆ ಒಂದೇ ಒಂದು ಫೋನ್ ನಂಬರು ಇರುತ್ತದೆ. ಇನ್ನೂರು ಎಲೆ ಹೆಚ್ಚಿಗೆ ಹಾಕಿ ಎಂದು ಅಡಿಗೆಮನೆಗೆ ಹೋಗಿ ಹೇಳುವ ಹಕ್ಕು ಚಿಕ್ಕಪ್ಪ, ಭಾವ ಎಲ್ಲರಿಗೂ ಇದ್ದರೆ ಯಾವ ಪಟ್ಟಿಯೂ ನಿಲ್ಲುವುದಿಲ್ಲ.

ಕಳೆದ ಮಾಘದಲ್ಲಿ ಬಂಧುಗಳ ಮನೆಯ ಮದುವೆಗೆ ಹೀಗೆಯೇ ಮಾಡಿದೆವು. ಛತ್ರದ ಒಳಗೆ ಕಾಲಿಟ್ಟ ಕೂಡಲೇ ಮೀಟರಿನ ಅಂಕಿಯನ್ನು ಮ್ಯಾನೇಜರ ಎದುರಿಗೇ ಫೋಟೋ ತೆಗೆದುಕೊಂಡೆವು, ಬಿಡುವಾಗ ಇನ್ನೊಂದು. ಮಧ್ಯಾಹ್ನ ಕಚೇರಿ ಕೋಣೆಯಲ್ಲಿ ನಾವಿಬ್ಬರು ಕುಳಿತದ್ದು ಹತ್ತು ನಿಮಿಷ. ಒಪ್ಪಿದ್ದಕ್ಕಿಂತ ಹೆಚ್ಚಿಗೆ ಕೊಟ್ಟದ್ದು ಹನ್ನೊಂದು ಲೋಟಗಳಿಗೆ ಮಾತ್ರ. ಅವು ಎಲ್ಲಿ ಹೋದವೋ ಈವರೆಗೂ ಗೊತ್ತಾಗಿಲ್ಲ. ನಮಸ್ಕಾರ.