ಬೀಳುವ ಭಾರ ಯಾರ ಕಾಲಿಗೆ?

ಕೇಳುಗರಿಗೆ ನಮಸ್ಕಾರ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಹಿಡಿದು ಓಡುವವನನ್ನು ಕೆಡವುವುದಕ್ಕೆ ಟ್ಯಾಕಲ್ ಎಂದು ಹೆಸರು. ಹಿಪ್ ಡ್ರಾಪ್ ಅದರಲ್ಲೊಂದು ಪಟ್ಟು. ಬೆನ್ನಟ್ಟಿ ಬಂದವನು ಓಟಗಾರನ ಸೊಂಟವನ್ನು ತಬ್ಬಿ, ತನ್ನ ನಡುವನ್ನು ತಿರುಗಿಸಿ, ಕಾಲು ಬಿಟ್ಟು ಕುಸಿಯುತ್ತಾನೆ. ನೂರು ಕಿಲೋ ಆಸುಪಾಸಿನ ಆ ಮೈ ಬಂದು ಬೀಳುವುದು ಓಟಗಾರನ ಮೀನಖಂಡದ ಮೇಲೆ. ಪಾದ ನೆಲಕ್ಕೆ ಊರಿಕೊಂಡೇ ಇರುತ್ತದೆ, ಮೇಲಿನ ದೇಹ ಹಿಂದಕ್ಕೆ ಮಗುಚುತ್ತದೆ. ಪಾದದ ಕೀಲು ನಡುವೆ ಸಿಕ್ಕಿ ನಲುಗುತ್ತದೆ. 2023ರ ನವೆಂಬರ್‌ನಲ್ಲಿ ಬಾಲ್ಟಿಮೋರ್ ತಂಡದ ಮಾರ್ಕ್ ಆಂಡ್ರ್ಯೂಸ್ ಹೀಗೆಯೇ ಬಿದ್ದು ಎರಡು ತಿಂಗಳಿಗೂ ಹೆಚ್ಚು ಕಾಲ ಆಟದಿಂದ ಹೊರಗುಳಿದರು.

2024ರ ಮಾರ್ಚ್‌ನಲ್ಲಿ ಅಮೆರಿಕದ ವೃತ್ತಿಪರ ತಂಡಗಳ ನ್ಯಾಷನಲ್ ಫುಟ್‌ಬಾಲ್ ಲೀಗ್ ಈ ಪಟ್ಟನ್ನು ನಿಷೇಧಿಸಿ 15 ಗಜಗಳ ದಂಡ ವಿಧಿಸಿತು, ಅಂದರೆ ತಪ್ಪು ಮಾಡಿದ ತಂಡ ಎದುರಾಳಿಗೆ ಅಷ್ಟು ನೆಲ ಬಿಟ್ಟುಕೊಡಬೇಕು. ಉಳಿದ ಟ್ಯಾಕಲ್‌ಗಳಿಗಿಂತ ಇದರಲ್ಲಿ ಗಾಯವಾಗುವ ಪ್ರಮಾಣ 20 ಪಟ್ಟು ಹೆಚ್ಚು ಎಂಬುದು ಲೀಗ್ ಕೊಟ್ಟ ಕಾರಣ. ವಿರೋಧಿಸಿದ್ದು ಯಾರೆಂದರೆ, ಆಟಗಾರರದ್ದೇ ಸಂಘ. ಆಡುವವರಿಗೂ ತೀರ್ಪುಗಾರರಿಗೂ ಗೊಂದಲವೇ ಆದೀತು ಎಂದು ಅದು ಹೇಳಿತು. ಈ ಮಾತನ್ನು ನಾನು ಹಗುರವಾಗಿ ಕಾಣಲಾರೆ. ಪೂರ್ತಿ ವೇಗದಲ್ಲಿ ಬೆನ್ನಟ್ಟುತ್ತಿರುವವನಿಗೆ ಯಾವ ಬದಿಗೆ ಬೀಳಲಿ ಎಂದು ಯೋಚಿಸಲು ಪುರುಸೊತ್ತೆಲ್ಲಿ?

ಆದರೂ ನಾನು ನಿಷೇಧದ ಪರ. 1976ರಲ್ಲಿ ಅಮೆರಿಕದ ಶಾಲಾ ಕಾಲೇಜುಗಳ ಫುಟ್‌ಬಾಲ್‌ನಲ್ಲಿ ತಲೆಯನ್ನೇ ಮುಂದೆ ಮಾಡಿ ನುಗ್ಗುವುದನ್ನು ನಿಷೇಧಿಸಿದರು. ಆ ವರ್ಷ ಕತ್ತಿನ ಮೂಳೆ ಮುರಿದು ಕೈಕಾಲುಗಳ ಸ್ವಾಧೀನ ಕಳೆದುಕೊಂಡವರು 34 ಮಂದಿ. ಮರುವರ್ಷ ಆ ಸಂಖ್ಯೆ 18ಕ್ಕೆ ಇಳಿಯಿತು. ಆ ಹುಡುಗರೂ ಅರೆಕ್ಷಣದಲ್ಲೇ ನಿರ್ಧರಿಸಬೇಕಿತ್ತು. ಮೈಗೆ ಕಲಿಸಿದ್ದನ್ನು ಮೈ ಮಾಡುತ್ತದೆ, ಬೇರೆಯದನ್ನು ಕಲಿಸಿದರೆ ಬೇರೆಯದನ್ನು ಮಾಡುತ್ತದೆ.

ಕಲಿಸುವುದು ಯಾವಾಗ ಎಂಬುದೇ ಕಷ್ಟದ ಪ್ರಶ್ನೆ. ಆಟಗಾರರ ದೇಹ ಉಳಿಯಲೆಂದು ಲೀಗ್ ಮತ್ತು ಆಟಗಾರರ ಸಂಘದ 2011ರ ಒಪ್ಪಂದದಲ್ಲಿ, ಪಂದ್ಯಗಳ ಋತುವಿನಲ್ಲಿ ಮೈಗಾಪಿನ ಪ್ಯಾಡ್ ಧರಿಸಿ ಮಾಡುವ ಅಭ್ಯಾಸವನ್ನು 14 ದಿನಗಳಿಗೆ ಮಿತಿಗೊಳಿಸಿದರು. ಅದು ಸರಿಯಾದ ನಿರ್ಧಾರವೇ. ಆದರೆ ಅಭ್ಯಾಸ ಕಡಿಮೆಯಾದರೆ ಪಟ್ಟು ತಿದ್ದುವುದು ಹೇಗೆ?

ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಫುಟ್‌ಬಾಲ್ ತರಬೇತುದಾರ ಬಡ್ಡಿ ಟೀವನ್ಸ್ 2010ರಲ್ಲೇ ಇದಕ್ಕೆ ದಾರಿ ಹುಡುಕಿದರು. ಅಭ್ಯಾಸದ ವೇಳೆ ಹುಡುಗರು ಒಬ್ಬರನ್ನೊಬ್ಬರು ಕೆಡವುವುದನ್ನೇ ಅವರು ನಿಲ್ಲಿಸಿಬಿಟ್ಟರು. ಮುಂದೆ ಅದೇ ಕಾಲೇಜಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ದೂರನಿಯಂತ್ರಣದಿಂದ ಓಡುವ, ಬಿದ್ದರೆ ತಾನೇ ಎದ್ದು ನಿಲ್ಲುವ ಬೊಂಬೆಯೊಂದನ್ನು ಕಟ್ಟಿದರು. ಆಟಗಾರರು ಭುಜ ಕೊಟ್ಟು ಕೆಡವಲು ಕಲಿತದ್ದು ಅದರ ಮೇಲೆ. 2015ರಲ್ಲಿ ಆ ತಂಡ, ಎಂಟು ಹಳೆಯ ವಿಶ್ವವಿದ್ಯಾಲಯಗಳು ಆಡುವ ಐವಿ ಲೀಗ್‌ನ ಪ್ರಶಸ್ತಿಯನ್ನೂ ಹಂಚಿಕೊಂಡಿತು.

ನಮಸ್ಕಾರ.