ಶಿಮಾನಾಮಿಗೆ ಎರಡು ದಿನ ಕೊಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಜಪಾನಿನಲ್ಲಿ ಸೈಕಲ್ ತುಳಿದು ಬಂದೆ ಅಂದರೆ ಸಾಕು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಎಷ್ಟು ಗಂಟೆಯಲ್ಲಿ ಮುಗಿಸಿದ್ರಿ?" ದಯವಿಟ್ಟು ಹಾಗೆ ಕೇಳಬೇಡಿ. ದ್ವೀಪದಿಂದ ದ್ವೀಪಕ್ಕೆ ಸೇತುವೆ ಹಾದುಹೋಗುವ ಶಿಮಾನಾಮಿ ಕೈದೊ ಒಂದೇ ದಿನದಲ್ಲಿ ಮುಗಿಸುವ ದಾರಿಯಲ್ಲ. ಅದಕ್ಕೆ ಎರಡು ದಿನ ಕೊಡಿ. ನಡುವೆ ಒಂದು ರಾತ್ರಿ ದ್ವೀಪದಲ್ಲಿ ಮಲಗಿ.

ದಾರಿ ಎಲ್ಲಿಂದ ಎಲ್ಲಿಗೆ ಅಂತ ಹೇಳಿಬಿಡುತ್ತೇನೆ. ಈ ಕಡೆ ಹಿರೋಶಿಮಾ ಪ್ರಾಂತ್ಯದ ಒನೊಮಿಚಿ, ಆ ಕಡೆ ಶಿಕೊಕು ದ್ವೀಪದ ಇಮಾಬಾರಿ. ನಡುವೆ ಸೆತೊ ಒಳಸಮುದ್ರ. ಬಹುಪಾಲು ಕೆರೆಯ ಹಾಗೆ ಶಾಂತ. ಅದರಲ್ಲಿ ಆರು ದ್ವೀಪ ದಾಟಬೇಕು. ಸೈಕಲ್ಲಿನವರಿಗೆ ಒಟ್ಟು 70 ಕಿಲೋಮೀಟರ್ ಸುಮಾರು. 1999ರಲ್ಲಿ ಕೊನೆಯ ಸೇತುವೆಗಳು ತೆರೆದ ಮೇಲೆ ಎರಡೂ ದಡ ಕೂಡಿಕೊಂಡವು.

ದಾರಿ ತಪ್ಪುವ ಭಯ ಬೇಡ. ರಸ್ತೆಯ ಎಡ ಅಂಚಿನಲ್ಲಿ ನೀಲಿ ಗೆರೆ ಎಳೆದಿದ್ದಾರೆ, ಅದನ್ನೇ ಹಿಡಿದು ಹೋಗಿ. ಅಲ್ಲಿಯೂ ನಮ್ಮ ಹಾಗೆ ಎಡಗಡೆಯೇ ಓಡಿಸುವುದು. ಕರಾವಳಿಯ ರಸ್ತೆ ಬಹುಪಾಲು ಸಮತಟ್ಟು. ಏರು ಹೆಚ್ಚಾಗಿ ಇರುವುದು ಸೇತುವೆ ಹತ್ತುವಾಗ. ಅಲ್ಲಿಯೂ ಸೈಕಲ್ಲಿಗೆಂದೇ ಸುತ್ತಿಸಿ ಸುತ್ತಿಸಿ ಮೆತ್ತಗೆ ಏರಿಸಿದ್ದಾರೆ. ದಿನಾ ತುಳಿಯದವರೂ ಹತ್ತಬಹುದು.

ಈಗ ನನ್ನ ಮೊದಲ ಸವಾರಿಯ ಕಥೆ ಕೇಳಿ. ನವೆಂಬರ್ ತಿಂಗಳು. ಸಂಜೆಯೊಳಗೆ ಇಮಾಬಾರಿ ಸೇರಲೇಬೇಕು ಅಂತ ಹಟ. ಒನೊಮಿಚಿಯಿಂದ ದೋಣಿ ಹತ್ತಿದೆ. ಐದೇ ನಿಮಿಷಕ್ಕೆ ಎದುರಿನ ಮುಕೈಶಿಮಾ. ಅಲ್ಲಿಂದ ತಲೆ ತಗ್ಗಿಸಿ ತುಳಿದದ್ದೇ ತುಳಿದದ್ದು. ಇನ್ನೊಶಿಮಾ ಸೇತುವೆಯಲ್ಲಿ ಸೈಕಲ್ಲುಗಳು ಕಾರುಗಳ ಕೆಳಗಿನ ಅಂತಸ್ತಿನಲ್ಲಿ ಹೋಗುತ್ತವೆ. ಎಂಥ ಜಾಗ ಅದು! ನಾನು ಅಲ್ಲಿಯೂ ನಿಲ್ಲಲಿಲ್ಲ.

ಮೂರನೆಯ ದ್ವೀಪ ಇಕುಚಿಜಿಮಾ. ನಿಂಬೆಗೆ ಹೆಸರಾದ ಊರು. ಎಡಕ್ಕೆ ನಿಂಬೆ ತೋಟ, ಬಲಕ್ಕೆ ಸಮುದ್ರ. ಅಲ್ಲಿ ಹಿಂದಿನ ಚಕ್ರ ಪಂಕ್ಚರ್ ಆಯಿತು. ಕಿಟ್ ತೆಗೆದರೆ ಸೊಲ್ಯೂಷನ್ ಒಣಗಿ ಕಲ್ಲಾಗಿದೆ. ತೋಟದಲ್ಲಿದ್ದ ಅಜ್ಜ ನೋಡಿದರು, ಕೈಸನ್ನೆ ಮಾಡಿ ಶೆಡ್ಡಿಗೆ ಕರೆದರು. ನಿಂಬೆ ತೊಳೆಯುವ ಬಾನಿಯಲ್ಲಿ ಟ್ಯೂಬ್ ಮುಳುಗಿಸಿದರು. ವಾಲ್ವಿನ ಪಕ್ಕದಿಂದ ಸಣ್ಣ ಗುಳ್ಳೆ ಸಾಲಾಗಿ ಎದ್ದವು. ಬಟ್ಟೆಯಲ್ಲಿ ಒರೆಸಿ, ಉಜ್ಜಿ, ಅಂಟು ಹಚ್ಚಿ, ಬಾಯಿಂದ ಊದಿ, ಸುಮ್ನೆ ಕೂತರು. ನಾನು ಗಡಿಯಾರ ನೋಡುತ್ತಿದ್ದೆ. ಅಂಟು ಒಣಗುವ ಮೊದಲೇ ತೇಪೆ ಒತ್ತಲು ಹೋದೆ. ಅಜ್ಜ ನನ್ನ ಕೈ ಹಿಡಿದು, "ಯುಕ್ಕುರಿ, ಯುಕ್ಕುರಿ" ಅಂದರು. ನಿಧಾನ, ನಿಧಾನ ಅಂತ. ಅಷ್ಟರಲ್ಲಿ ಅಜ್ಜಿ ಕಿತ್ತಳೆ ಸುಲಿದು ತಂದರು.

ಚಕ್ರ ಸರಿಹೋಯಿತು, ಹೊತ್ತು ಮುಳುಗುತ್ತಾ ಬಂತು. ಅಜ್ಜನೇ ಫೋನ್ ಮಾಡಿ ಊರಿನ ಪುಟ್ಟ ವಸತಿಗೃಹದಲ್ಲಿ ಜಾಗ ಮಾಡಿಸಿದರು. ಆ ಸಂಜೆ ನಾನು ಸಮುದ್ರದ ದಂಡೆಯಲ್ಲಿ ಕೂತೆ. ದ್ವೀಪಗಳು ಒಂದರ ಹಿಂದೆ ಒಂದು ಕಪ್ಪಾಗುತ್ತಾ ಹೋದವು. ದೂರದಲ್ಲಿ ಒಂದು ದೋಣಿಯ ಇಂಜಿನ್ನು ಡಬ್ ಡಬ್ ಅನ್ನುತ್ತಿತ್ತು. ಒಂದೇ ದಿನದಲ್ಲಿ ಓಡಿಹೋಗುವವರಿಗೆ ಇದು ಸಿಗುವುದಿಲ್ಲ ಅಲ್ವಾ?

ಮರುದಿನ ಬೆಳಿಗ್ಗೆ ತತಾರಾ ಸೇತುವೆ. ನಡುವಿನ ಹರವು 890 ಮೀಟರ್. ಗೋಪುರದಿಂದ ನೇರವಾಗಿ ತಂತಿ ಎಳೆದು ಹಿಡಿದ ಸೇತುವೆ ಅದು, ಕಟ್ಟಿದಾಗ ಆ ಬಗೆಯವುಗಳಲ್ಲಿ ಜಗತ್ತಿಗೇ ಉದ್ದನೆಯದು. ಗೋಪುರದ ಬುಡದಲ್ಲಿ ನಿಂತು ಚಪ್ಪಾಳೆ ತಟ್ಟಿ. ಸದ್ದು ಎರಡು ಗೋಡೆಗಳ ನಡುವೆ ಬಡಿಯುತ್ತಾ ಬಡಿಯುತ್ತಾ ಮೇಲೇರುತ್ತದೆ. ಆತುರದಲ್ಲಿರುವವರು ಇದನ್ನೂ ದಾಟಿಕೊಂಡು ಹೋಗುತ್ತಾರೆ. ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಸಮಯ ಆಗುತ್ತಾ ಬಂತು, ಮಿಕ್ಕಿದ್ದನ್ನು ಬೇಗ ಹೇಳುತ್ತೇನೆ. ಬಾಡಿಗೆ ಸೈಕಲ್ ಒನೊಮಿಚಿಯಲ್ಲೇ ಸಿಗುತ್ತದೆ, ಇಮಾಬಾರಿಯಲ್ಲಿ ಬಿಡಬಹುದು. ಹೆಲ್ಮೆಟ್ ಹಾಕಿ. ತತಾರಾ ದಾಟಿದರೆ ಸಿಗುವ ಓಮಿಶಿಮಾ ದ್ವೀಪದ ಒಯಾಮಾಜುಮಿ ದೇಗುಲದಲ್ಲಿ ಹಳೆಯ ಸಮುರಾಯ್ ಕವಚಗಳಿವೆ, ಒಂದು ಗಂಟೆ ಇಟ್ಟುಕೊಳ್ಳಿ.

ಕೊನೆಗೆ ಕುರುಶಿಮಾ ಜಲಸಂಧಿ. ಮೂರು ತೂಗುಸೇತುವೆ ಸಾಲಾಗಿ, ನಾಲ್ಕು ಕಿಲೋಮೀಟರ್. ಕೆಳಗೆ ಜಲಸಂಧಿಯ ನೀರು ಹೊಳೆಯ ಹಾಗೆ ನುಗ್ಗುತ್ತದೆ, ಸುಳಿ ತಿರುಗುತ್ತದೆ. ನೀರಿನ ಹರಿವು ತಿರುಗಿದರೆ ಹಡಗುಗಳೂ ದಾರಿ ಬದಲಿಸಬೇಕು. ಹರಿವಿನ ಜೊತೆ ಹೋಗುವವು ನಡುವಿನ ದಾರಿಯಲ್ಲಿ, ಎದುರಾಗಿ ಬರುವವು ಪಶ್ಚಿಮದ ದಾರಿಯಲ್ಲಿ. ಸೇತುವೆಯ ಅಂಚಿಗೆ ಸೈಕಲ್ ಒರಗಿಸಿ ನಾನು ಅಲ್ಲಿ ಒಂದು ಗಂಟೆ ನಿಂತಿದ್ದೆ. ಒಂದು ದೊಡ್ಡ ಸರಕು ಹಡಗು ಎದುರು ನೀರಿಗೆ ಏದುಸಿರು ಬಿಡುತ್ತಾ ನನ್ನ ಕಾಲಡಿಯೇ ಹಾದುಹೋಯಿತು. ಅದು ದ್ವೀಪದ ಹಿಂದೆ ಮರೆಯಾಗುವವರೆಗೂ ನೋಡಿ, ಆಮೇಲೆ ಪೆಡಲ್ ಮೇಲೆ ಕಾಲಿಟ್ಟೆ.

ನಮಸ್ಕಾರ.